ಹಸಿರು ಪೊಟ್ಟಣವಿಟ್ಟ ಯಂತ್ರ

ಗಾಂಗ್‌ಶಾನ್
ನವೆಂಬರ್ ೧೪

ಪ್ರೀತಿಯ ಅಕ್ಕ,

ಸಂಜೆ ಆರೂವರೆ. ಕಾರ್ಖಾನೆಯಿಂದ ಬಂದು ಅರ್ಧ ಗಂಟೆಯಾಯಿತು. ಒಬ್ಬಳಿಗೇ ಎಂದು ಬೇಯಿಸಿದ ನೂಡಲ್ಸ್ ಎದುರಿಗಿದೆ, ತಿನ್ನಲಾಗಿಲ್ಲ.

ನಮ್ಮ ಯಜಮಾನರು ತೀರಿಕೊಳ್ಳುವ ಮುಂಚೆ ಕಾರ್ಖಾನೆಯ ಯಂತ್ರದ ಮೇಲೆ ಹಸಿರು ಪೊಟ್ಟಣದ ಕುರುಕಲು ಇಟ್ಟಿದ್ದರು. ಯಂತ್ರ ಕೆಡದೆ, ಹೇಳಿದ ಮಾತು ಕೇಳಲಿ ಎಂದು ಇಲ್ಲಿ ಎಲ್ಲರೂ ಇಡುವುದೇ ತಾನೆ. ಅದರ ಅವಧಿ ಮುಗಿದಿತ್ತು. ಬದಲಿಸಲು ನಾನು ಬಿಟ್ಟಿರಲಿಲ್ಲ.

ಆ ಯಂತ್ರ ಉಕ್ಕಿನ ಕಂಬಿಯನ್ನು ಅಚ್ಚಿನ ಬಾಯಿಗೆ ಒತ್ತಿ ಬಸ್ಸಿನ ಸ್ಟೀರಿಂಗಿಗೆ ಪಿನ್ನು ಮಾಡುತ್ತದೆ. ಅಚ್ಚಿನ ಬಾಯಿಯನ್ನು ಉಜ್ಜಿ ಅಳತೆಗೆ ತರುವ ಕೆಲಸ ನಮ್ಮವರದಾಗಿತ್ತು. ಮೊನ್ನೆ ಪರೀಕ್ಷೆಯಲ್ಲಿ ಒಂದು ಪಿನ್ನು ಮುರಿಯಿತು. ಮೇಸ್ತ್ರಿ ಗೋ ಮೊದಲು ನೋಡಿದ್ದೇ ಪೊಟ್ಟಣವನ್ನು. "ಹಳಸಲು ತಿಂಡಿ ಇಟ್ರೆ ಯಂತ್ರಕ್ಕೂ ಹೊಟ್ಟೆ ಕೆಡುತ್ತೆ ಕಣಮ್ಮ" ಎಂದರು. ಎಲ್ಲರೂ ನಕ್ಕರು. ಹೊಸ ಪೊಟ್ಟಣ ಇಟ್ಟರು. ಆಮೇಲಿನ ಪಿನ್ನುಗಳು ನುಣ್ಣಗೆ ಹೊಳೆಯುತ್ತಿದ್ದವು. ಅಚ್ಚನ್ನು ಯಾರೂ ನೋಡಲಿಲ್ಲ.

ಹೊಸದಾಗಿ ಸೇರಿದ ಇಂಜಿನಿಯರ್ ಹುಡುಗಿ ಚುವಾಂಗ್ ಮಾತ್ರ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾ ಕೂತಿದ್ದಳು. ಇವತ್ತು ಎದ್ದು ಬಂದು, ಅಚ್ಚಿನ ಬಾಯಿಯ ಓರೆ ಹೆಚ್ಚಾಗಿದೆ, ಕಂಬಿಯ ನಡುಭಾಗ ಎಳೆತಕ್ಕೆ ಸಿಕ್ಕಿ ಒಳಗೇ ಬಿರುಕು ಬಿಡುತ್ತದೆ, ಹೊರಗೆ ಗುರುತೇ ಕಾಣುವುದಿಲ್ಲ ಎಂದಳು. ಅವಳ ಪರದೆಯಲ್ಲಿ ಪಿನ್ನಿನ ನಡುವೆ ಉದ್ದಕ್ಕೆ ಒಂದು ಕೆಂಪು ಗೆರೆ ಇತ್ತು.

ನಾಳೆ ಬೆಳಿಗ್ಗೆ ಸರಕು ಹೊರಡಬೇಕಿತ್ತು. "ನಿನ್ನ ಕೆಂಪು ಬಣ್ಣ ನೋಡಿ ಲಾರಿ ನಿಲ್ಲಿಸ್ಲಾ, ತಾಯಿ?" ಎಂದು ಗೋ ಕೇಳಿದರು. ಸರಕಿಗೆ ತಪಾಸಣೆಯ ಚೀಟಿ ಅಂಟಿಸುವವಳು ನಾನು. ಅವಳು ನನ್ನ ಕಡೆ ತಿರುಗಿದಳು. "ಚಿಕ್ಕಮ್ಮ, ಒಂದೇ ಒಂದು ಕುಯ್ದು ನೋಡೋಣ."

ನಾನು ಕೈಯಲ್ಲಿದ್ದ ಚೀಟಿಗಳನ್ನು ಎಣಿಸಿದೆ, ಮತ್ತೆ ಎಣಿಸಿದೆ. ಲಾರಿಯ ಯೋಚನೆ ಎಂದುಕೊಂಡಿರಬೇಕು ಅವಳು. ಆಮೇಲೆ ಊರೂರಿನ ಬಸ್ಸುಗಳು, ಅವುಗಳೊಳಗೆ ನಿಂತುಕೊಂಡೇ ನಿದ್ದೆ ಹೋಗುವ ಶಾಲೆಯ ಮಕ್ಕಳು ಕಣ್ಣ ಮುಂದೆ ಬಂದರು. ಪೆಟ್ಟಿಗೆಯಿಂದ ಒಂದು ಪಿನ್ನು ತೆಗೆದು ನಾನೇ ಉದ್ದಕ್ಕೆ ಕುಯ್ದೆ.

ಒಳಗೆ ಬಾಣದ ಮೊನೆಗಳಂಥ ಬಿರುಕುಗಳು, ಒಂದರ ಹಿಂದೆ ಒಂದು. ಕೆಂಪು ಗೆರೆ ಇದ್ದ ಜಾಗದಲ್ಲೇ.

ಗೋ ಟೋಪಿ ತೆಗೆದು ಬೆಂಚಿನ ಮೇಲೆ ಕೂತುಬಿಟ್ಟರು. "ಲಾರಿಯವನಿಗೆ ನಾನೇ ಹೇಳ್ತೀನಿ" ಎಂದರು. ಈ ಅಚ್ಚು ಉಜ್ಜಿದವರು ಯಾರು ಎಂದು ಹುಡುಗಿ ಕೇಳಿದಳು. ನೋಡಿ ಹೇಳುತ್ತೇನೆ ಎಂದು ಬಂದುಬಿಟ್ಟೆ.

ಹಳೆಯ ಪೊಟ್ಟಣವನ್ನು ಮನೆಗೆ ತಂದಿದ್ದೇನೆ. ಬಿಚ್ಚಿಲ್ಲ.

ನಿನ್ನ ತಂಗಿ,
ಸಿಯೋಕ್-ಹುನ್

ಮ.ವಿ.: ನೋಡುವುದೇನೂ ಇರಲಿಲ್ಲ ಅಕ್ಕ. ಅಚ್ಚಿನ ಅಂಚಿನಲ್ಲಿ ನಮ್ಮವರ ಗುರುತು ಇದೆ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಉಜ್ಜಿದ್ದು, ಆಗಲೇ ಕೈ ನಡುಗುತ್ತಿತ್ತು. ಕಪಾಟಿನಲ್ಲಿದ್ದ ಅದನ್ನು ಈ ವಾರವಷ್ಟೇ ಯಂತ್ರಕ್ಕೆ ಹಾಕಿದ್ದರು. ಹೆಸರು ನಾನೇ ಹೇಳುತ್ತೇನೆ. ನಾಳೆ ಎಂಟು ಗಂಟೆಗೆ ಅಚ್ಚು ಬಿಚ್ಚುತ್ತಾರೆ.