ಶಾಲೆಯ ಮುಂದಿನ ಉಬ್ಬು

ಬನ್ನಿಗಿಡದ ವಸ್ತಿ, ಇಂಡಿ ತಾಲೂಕು
22 ಸೆಪ್ಟೆಂಬರ್ 2024

ಪ್ರೀತಿಯ ಸಿಕಂದರನಿಗೆ,

ಕಳೆದ ಜುಲೈ ಹನ್ನೆರಡರಂದು, ಶುಕ್ರವಾರ ಬೆಳಿಗ್ಗೆ, ನಮ್ಮ ಶಾಲೆಯ ಮುಂದೆ ಊರವರೇ ಹಾಕಿದ್ದ ರಸ್ತೆಯುಬ್ಬನ್ನು ಹೆದ್ದಾರಿ ಕಚೇರಿಯವರು ಜೆಸಿಬಿ ತಂದು ಕಿತ್ತರು. ಅದಾದ ಇಪ್ಪತ್ತೈದನೆಯ ದಿನ, ಬಿಸಿಯೂಟದ ಸಿದ್ದವ್ವ ತರಕಾರಿ ಬುಟ್ಟಿ ಹೊತ್ತು ಅದೇ ಜಾಗದಲ್ಲಿ ರಸ್ತೆ ದಾಟುವಾಗ ಲಾರಿ ಬಡಿಯಿತು. ಎಡಗಾಲನ್ನು ಮೊಳಕಾಲಿನ ಕೆಳಗೆ ತೆಗೆದರು.

ಇದನ್ನು ನಿನಗೆ ಆಗಲೇ ಬರೆಯಬೇಕಿತ್ತು. ಮೂರು ಸಲ ಬರೆದು ಮೂರು ಸಲ ಹರಿದೆ. ಸಿಟ್ಟಾಗಬೇಡ. ತಾಳಿಕೋಟೆಯಲ್ಲಿ ನಿನ್ನ ಆರೋಗ್ಯ ಹೇಗಿದೆ? ನಿನ್ನ ತಂಗಿಯ ಮಗ ಮಂಜೂರ ಊರು ಬಿಟ್ಟು ನಿನ್ನ ಮನೆಗೇ ಬಂದಿದ್ದಾನೆಂದು ಕೇಳಿದೆ. ಆ ವಿಷಯಕ್ಕೆ ಬರುತ್ತೇನೆ.

ಈ ರಸ್ತೆ ಜಿಲ್ಲಾ ಪರಿಷತ್ತಿನದಾಗಿದ್ದ ಕಾಲ ನಿನಗೂ ನೆನಪಿರಬೇಕು. ಎಂಬತ್ತೆಂಟರಲ್ಲಿ ಹುಡುಗಿಯೊಬ್ಬಳಿಗೆ ಸೈಕಲ್ ಬಡಿದಾಗ ನಾವಿಬ್ಬರೂ ಶನಿವಾರ ಅರ್ಜಿ ಕೊಟ್ಟೆವು. ಮಂಗಳವಾರ ಎಂಜಿನಿಯರು ಸ್ಕೂಟರಿನಲ್ಲಿ ಬಂದು, ನಿಂತು, ಕಲ್ಲಿನ ಉಬ್ಬು ಹಾಕಿಸಿ ಹೋದರು. ಐದು ವರ್ಷದ ಹಿಂದೆ ಇದು ರಾಷ್ಟ್ರೀಯ ಹೆದ್ದಾರಿಯಾಯಿತು. ಅಂದು ಪೇಡೆ ಹಂಚಿದವರಲ್ಲಿ ನಾನೂ ಒಬ್ಬ. ಅಗಲ ಮಾಡುವಾಗ ಹಳೆಯ ಉಬ್ಬು ಹೋಯಿತು, ಮತ್ತೆ ಬರಲಿಲ್ಲ.

ಸಿದ್ದವ್ವ ಎರಡು ವರ್ಷ ಅರ್ಜಿ ಹಿಡಿದು ತಿರುಗಿದಳು. ತಾಲೂಕು ಕಚೇರಿಯಲ್ಲಿ, ‘ಸಾಲಿ ನಮ್ದವ್ವ. ಆದ್ರ ಆ ರೋಡಿನ ಮ್ಯಾಲ ಒಂದು ಕಲ್ಲು ಇಡಾಕೂ ನಮಗ ಅಧಿಕಾರ ಇಲ್ಲ’ ಎಂದರು. ಹೆದ್ದಾರಿ ಕಚೇರಿಯಲ್ಲಿ, ‘ರೋಡು ಕೇಂದ್ರದ್ದು. ಸಾಲಿ ರಾಜ್ಯದ್ದು. ಸಾಲಿ ಗೇಟು ಹಿಂದ ತಿರುಗಸಾಕ ಅವರಿಗೆ ಹೇಳ್ರಿ’ ಎಂದರು. ಅಧಿಕಾರ ಹಂಚಿಕೊಂಡ ಎರಡು ಸರಕಾರಗಳ ನಡುವೆ ನೂರಾ ಹತ್ತು ಮಕ್ಕಳು ದಿನಕ್ಕೆ ಎರಡು ಸಲ ಓಡಿ ದಾಟುತ್ತಿದ್ದರು.

ಕೊನೆಗೆ ಅವಳು ನನ್ನ ಬಳಿ ಬಂದಳು. ನಾನು ಏನು ಮಾಡಿದೆ ಗೊತ್ತೆ? ಪಾಠ ಮಾಡಿದೆ. ಊರಕಟ್ಟೆಯ ಮೇಲೆ ಕೂತು, ಸಂವಿಧಾನದಲ್ಲಿ ರಾಷ್ಟ್ರೀಯ ಹೆದ್ದಾರಿ ಕೇಂದ್ರಪಟ್ಟಿಯ ಇಪ್ಪತ್ಮೂರನೆಯ ನಮೂದು, ಉಳಿದ ರಸ್ತೆ ರಾಜ್ಯಪಟ್ಟಿಯ ಹದಿಮೂರನೆಯದು, ಊರವರು ಕೈ ಹಾಕುವಂತಿಲ್ಲ ಎಂದೆ. ಪೌರನೀತಿ ಮೂವತ್ತೊಂದು ವರ್ಷ ಕಲಿಸಿದವನು ನಾನು. ಊರಿನ ಅರ್ಧ ಜನ ನನ್ನ ವಿದ್ಯಾರ್ಥಿಗಳು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಪಂಚಾಯತಿ ಸದಸ್ಯ ಅಮೋಘಸಿದ್ಧ ಮಾತ್ರ, ‘ಸರ, ನೀವು ಕಲಿಸಿದ್ದು ನಮಗ ನೆನಪೈತ್ರಿ. ಲಾರಿ ಹೊಡಿಯಾಂವಗ ಯಾರು ಕಲಿಸ್ಯಾರ?’ ಎಂದ.

ಜೂನ್ ಕೊನೆಯ ಭಾನುವಾರ ಅವನೇ ಮುಂದೆ ನಿಂತು ನಾಲ್ಕು ಟ್ರಾಲಿ ಗರಸು ಮಣ್ಣು ತರಿಸಿ, ಕಲ್ಲು ಬಡಿದು ಉಬ್ಬು ಹಾಕಿಸಿದ. ಎರಡು ವಾರ ಲಾರಿಗಳು ನಮ್ಮ ಶಾಲೆಯ ಮುಂದೆ ಎತ್ತಿನ ಗಾಡಿಯ ಹಾಗೆ ಹೋದವು. ಆಮೇಲೆ ಯಾರೋ ದೂರು ಬರೆದರು, ಜೆಸಿಬಿ ಬಂತು.

ಉಬ್ಬು ಹಾರಿ ಮಂಜೂರನ ಬೈಕು ಬಿದ್ದಿತ್ತಲ್ಲ, ಅವನು ಎಲ್ಲರೆದುರು ಬೈದಿದ್ದ. ಅಷ್ಟು ಸಾಕಾಯಿತು. ದೂರು ಕೊಟ್ಟವನು ಅವನೇ ಎಂದು ಊರು ತೀರ್ಮಾನಿಸಿತು. ಅವನ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಯುವುದನ್ನು ಬಿಟ್ಟರು, ಅವನು ಬಂದರೆ ಚಹಾದಂಗಡಿಯ ಬೆಂಚಿನಿಂದ ಎದ್ದು ಹೋದರು. ನಾನೂ ಒಮ್ಮೆ ಎದ್ದೆ.

ಸಿದ್ದವ್ವನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಮೋಸಂಬಿ ಒಯ್ದಿದ್ದೆ. ಅವಳು ನಕ್ಕಳು, ಸಿಕಂದರ. ‘ಬರ್ರಿ ಮಾಸ್ತರ್ರ, ಕುಂದರ್ರಿ. ಒಂದು ಕೇಳ್ತೇನಿ, ಹೇಳ್ರಿ. ನನ್ನ ಕಾಲು ಯಾವ ಪಟ್ಟ್ಯಾಗ ಬರತೈತಿ?’ ಪಕ್ಕದ ಮಂಚದವರೂ ನಕ್ಕರು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ‘ಮಂಜೂರಗ ಮಾತ್ರ ನಾ ಕ್ಷಮಾ ಮಾಡಂಗಿಲ್ರಿ’ ಎಂದಳು. ಮೋಸಂಬಿ ಅಲ್ಲೇ ಇಟ್ಟು ಎದ್ದು ಬಂದೆ.

ಅಕ್ಟೋಬರ್ ಎರಡಕ್ಕೆ ಗ್ರಾಮಸಭೆಯಿದೆ. ಎರಡೂ ಕಚೇರಿಗಳಿಗೆ ರಿಜಿಸ್ಟರ್ ಪತ್ರ ಹಾಕಿದ್ದೇನೆ. ಮಕ್ಕಳ ಜೀವ ಯಾರ ಪಾಲಿಗೆ ಬಂದಿದೆ ಎಂದು ಅಲ್ಲಿಗೆ ಬಂದು ಹೇಳಿರಿ, ಅಧಿಕಾರ ಇಲ್ಲದವರು ಇಲ್ಲವೆಂದು ಬರೆದು ರುಜು ಹಾಕಿರಿ ಎಂದು ಕೇಳಿದ್ದೇನೆ. ಬರುತ್ತಾರೋ ಇಲ್ಲವೋ ಕಾಣೆ.

ನಿನ್ನ ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ. ಮೊಮ್ಮಗಳು ಬುಶ್ರಾ ಚೆನ್ನಾಗಿ ಓದಲಿ.

ನಿನ್ನ
ಸಿದ್ಧರಾಮ

ತಾ.ಕ.: ಇಷ್ಟು ಬರೆದೂ ಬರೆಯಬೇಕಾದ್ದನ್ನು ಬರೆದಿಲ್ಲ. ಉಬ್ಬು ಹಾಕಿದ ಮರುದಿನ ಚಹಾದಂಗಡಿಯಲ್ಲಿ ಅಮೋಘಸಿದ್ಧ, ‘ಸರರ ಪಟ್ಟಿಗಿಂತ ನಮ್ಮ ಗರಸು ಗಟ್ಟಿ ನೋಡ್ರಿ’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು, ‘ಕಾನೂನುಬಾಹಿರ ಉಬ್ಬು’ ಎಂದು ಹೆದ್ದಾರಿ ಕಚೇರಿಗೆ ದೂರು ಬರೆದವನು ನಾನೇ. ಹೆಸರು ಹಾಕಲಿಲ್ಲ. ನನ್ನ ಮಾತು ಸೋತದ್ದು ನನಗೆ ಸಹಿಸಲಾಗಲಿಲ್ಲ, ಅಷ್ಟೇ. ಊರು ಮಂಜೂರನನ್ನು ದೂರುವಾಗ ಬಾಯಿ ಮುಚ್ಚಿಕೊಂಡಿದ್ದೆ. ಎದ್ದು ಹೇಳೋಣವೆಂದು ಎರಡು ಸಲ ಪಂಚಾಯತಿಗೆ ಹೋದೆ. ಎರಡೂ ಸಲ ಬೇರೇನೋ ಮಾತಾಡಿ ಮರಳಿ ಬಂದೆ. ಒಬ್ಬನೇ ನನ್ನಿಂದ ಆಗುವುದಿಲ್ಲ. ಅಕ್ಟೋಬರ್ ಎರಡಕ್ಕೆ ಮಂಜೂರನನ್ನು ಕರೆದುಕೊಂಡು ಬಾ. ಸಿದ್ದವ್ವನನ್ನೂ ಕುರ್ಚಿಯಲ್ಲಿ ಕೂರಿಸಿ ತರುತ್ತಾರೆ. ಸಾಹೇಬರುಗಳನ್ನು ಕೇಳುವ ಮೊದಲು, ಎಲ್ಲರೆದುರು, ಗಟ್ಟಿ ದನಿಯಲ್ಲಿ, ನನ್ನ ಹೆಸರು ಹಿಡಿದು ಕೇಳು: ‘ಸಿದ್ಧರಾಮ ಮಾಸ್ತರ್ರ, ಆ ದೂರು ಬರದಾಂವ ಯಾರು? ಎದ್ದು ಹೇಳ್ರಿ.’