ಭಾವ ಬಿಡದ ಬೀಗದ ಕೈ

ಜೂನ್ ೧೬, ಭಾನುವಾರ

ಪ್ರೀತಿಯ ಅಕ್ಕ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು, ಮಗಳು, ಮೊಮ್ಮಗಳು ಹಾಗೇ ಇದ್ದೀರೆಂದು ನಂಬಿದ್ದೇನೆ. ಉತ್ತರ ತಡವಾದದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಅರ್ಧಂಬರ್ಧ ಸುದ್ದಿ ಬರೆದು ನಿನ್ನ ತಲೆ ಕೆಡಿಸುವುದು ಬೇಡವೆಂದು ಕಾದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಳಿಯ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಾನೆ. ಗಂಡ ಹೆಂಡಿರ ವಿಷಯ ಅವನ ಕಿವಿಗೇಕೆ?

ಭಾವ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಾಮಾನು ಒಪ್ಪಿಸಿದರಾ ಎಂದು ನೀನು ಕೇಳಿದ್ದೆ. ಒಪ್ಪಿಸಿದರು, ನಿನ್ನೆ. ಅಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಸೆಕ್ರೆಟರಿ ಚುನಾವಣೆಯಲ್ಲಿ ನನ್ನೆದುರು ಸೋತ ಮೇಲೆ ಮೊಹರು, ಕಡತ, ಮೈಕ್ ಸೆಟ್ಟು ಎಲ್ಲವನ್ನೂ ಕೊಟ್ಟಿದ್ದರು. ಪಂಪ್ ರೂಮಿನ ಬೀಗದ ಕೈ ಮತ್ತು ಅಲ್ಯೂಮಿನಿಯಂ ಏಣಿ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಚಪ್ಪಲಿ ಎಳೆಯುತ್ತ ತಾವೇ ಇಳಿದು ಬಂದು, ಪಂಪು ಹಾಕಿ, ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಳಿಸಿ ಹತ್ತಿ ಹೋಗುವರು. ನೀರು ಬರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಕಳೆದ ವಾರ ಅವರು ಕಣ್ಣು ತೋರಿಸಲು ಹೋದ ದಿನ ಟ್ಯಾಂಕು ಬರಿದಾಯಿತು. ಮೇಲಿನ ಮಹಡಿಯ ವಕೀಲರು ಮೈಗೆಲ್ಲ ಸೋಪು ಹಚ್ಚಿಕೊಂಡೇ ನನಗೆ ಫೋನ್ ಮಾಡಿದರು. ಸಂಜೆಯ ಸಭೆಯಲ್ಲಿ ಪೊಲೀಸರಿಗೆ ದೂರು ಕೊಡಬೇಕೆಂದು ಕೂತರು.

"ಸ್ವಲ್ಪ ತಡೀರಿ, ನಾನೇ ಹೋಗಿ ಕೇಳ್ತೀನಿ" ಎಂದೆ.

"ಮೇಡಂ, ನೀವು ಸೆಕ್ರೆಟರಿನೋ, ಅವರ ನಾದಿನಿನೋ? ಮೊದಲು ಅದನ್ನ ಹೇಳಿ" ಎಂದರು ವಕೀಲರು. ಮೈ ಉರಿದುಹೋಯಿತು. ಆದರೂ ನಿನ್ನೆ ಅವರನ್ನೂ ಖಜಾಂಚಿಯನ್ನೂ ಕರೆದುಕೊಂಡೇ ನಿಮ್ಮ ಮನೆಗೆ ಹೋದೆ.

ಭಾವ ಬಾಗಿಲನ್ನು ಅರ್ಧ ತೆರೆದರು. "ಯಾರು ಬಂದಿರೋದು? ನಾದಿನಿ ಆದ್ರೆ ಒಳಗೆ ಬಾ, ಕಾಫಿ ಮಾಡ್ತೀನಿ. ಸೆಕ್ರೆಟರಿ ಆದ್ರೆ ಕೋರಂ ಎಲ್ಲಿ? ಕಮಿಟಿಯ ಐದು ಜನ ಎದುರಿಗಿಲ್ದೆ ಸಂಘದ ಒಂದು ಮೊಳೆನೂ ಕೈ ಬದಲಾಯಿಸೋ ಹಾಗಿಲ್ಲ."

ಅವರೇ ಮಾಡಿಟ್ಟ ನಿಯಮ ಅದು. ನಮಗೆ ಮರೆತೇ ಹೋಗಿತ್ತು. ಖಜಾಂಚಿ ಗೊಣಗುತ್ತ ಹೋಗಿ ಇನ್ನಿಬ್ಬರನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ತಂದರು. ಭಾವ ತಲೆ ಎಣಿಸಿ ಬಾಗಿಲು ಪೂರ್ತಿ ತೆರೆದರು.

"ಇಷ್ಟಕ್ಕಾ ಇಷ್ಟು ದಿನ ಸತಾಯಿಸಿದ್ದು? ಮೊದಲೇ ಹೇಳಬಾರದಿತ್ತಾ ಸಾರ್?" ಎಂದು ವಕೀಲರು ಹಲ್ಲು ಕಡಿದರು.

"ನೋಟಿಸ್ ಕಳಿಸಿದ್ರಿ, ಚೀಟಿ ಅಂಟಿಸಿದ್ರಿ. ಐದು ಜನ ಒಟ್ಟಿಗೆ ಬಂದು ಬಾಗಿಲು ತಟ್ಟಿದ್ರಾ?" ಎಂದರು ಭಾವ.

ಏಣಿ ಅಡುಗೆಮನೆಯಲ್ಲಿತ್ತು ಅಕ್ಕ. ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ನೆಲದ ತುಂಬ ಹರಡಿದ್ದರು. ಕಾಲಿಡಲು ಜಾಗವಿಲ್ಲ. "ಕಾಫಿ ಸೋಸೋದನ್ನ ಎಲ್ಲಿಟ್ಟಿದಾಳೋ ನಿಮ್ಮಕ್ಕ!" ಎಂದು ನನ್ನ ಮೇಲೆ ಹರಿಹಾಯ್ದರು. ಅದು ಒಲೆಯ ಪಕ್ಕದ ಮೊಳೆಗೇ ನೇತುಬಿದ್ದಿತ್ತು. ನಗಬೇಕೋ ಅಳಬೇಕೋ ತಿಳಿಯದೆ ತೆಗೆದು ಕೈಗಿಟ್ಟೆ.

ಆಮೇಲೆ ವಾಚ್‌ಮನ್‌ನನ್ನು ಕರೆದುಕೊಂಡು ಹೋಗಿ ಯಾವ ವಾಲ್ವು ಮೊದಲು, ಯಾವುದು ಆಮೇಲೆ ಎಂದು ತೋರಿಸಿ ಬೀಗದ ಕೈ, ಏಣಿ ಎರಡನ್ನೂ ಒಪ್ಪಿಸಿದರು. ಇವತ್ತು ನೀರು ಹೊತ್ತಿಗೆ ಸರಿಯಾಗಿ ಬಂತು. ವಕೀಲರು ತಣ್ಣಗಾಗಿದ್ದಾರೆ.

ಮಗುವಿನ ಕೆನ್ನೆ ಹಿಂಡಿ ಈ ಚಿಕ್ಕಜ್ಜಿಯ ಆಶೀರ್ವಾದ ತಿಳಿಸು. ನೂರು ಕಾಲ ನಗುತ್ತಿರಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಪುಟ್ಟಿ

ತಾ.ಕ.: ಉಳಿದವರೆಲ್ಲ ಹೋದ ಮೇಲೆ ಭಾವ ನನ್ನನ್ನು ತಡೆದು ನಿಲ್ಲಿಸಿದರು. "ಒಂದೇ ಓಟಲ್ಲಿ ಸೋತೆ. ಮನೆ ನಿಮ್ಮಕ್ಕನ ಹೆಸರಲ್ಲಿದೆ, ಓಟೂ ಅವಳದೇ. ಅವಳು ಯಾರಿಗೆ ಹಾಕಿದ್ಲು?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅವರು ನಂಬಲಿಲ್ಲ. "ಕೋಪ ಇಲ್ಲ ಕಣೇ, ಯಾಕೆ ಅಂತ ತಿಳಿದ್ರೆ ಸಾಕು" ಎಂದರು. ಗೊತ್ತಿಲ್ಲದೆ ಏನು, ನೀನು ಓಟು ಹಾಕಿದ್ದು ನನಗೇ, ಅದೂ ನನಗಾಗಿ ಅಲ್ಲ: "ಇನ್ನಾದರೂ ಆ ಮನುಷ್ಯ ಮನೇಲಿ ನನ್ನ ಜೊತೆ ಕೂತಾರು" ಎಂದು. ಅವರು ಮುಖ ಗಂಟಿಕ್ಕಿಕೊಂಡು ಕೂತರೆಂದು ನೀನು ಮಾರನೆಯ ದಿನವೇ ಮೊಮ್ಮಗಳ ನೆಪ ಹೇಳಿ ಹೊರಟುಹೋದೆ. ಈಗ ಅವರು ದಿನವಿಡೀ ಮನೆಯಲ್ಲೇ ಇದ್ದಾರೆ ಅಕ್ಕ. ಅವರು ಕೇಳಿದ್ದಕ್ಕೆ ಉತ್ತರ ನಾನು ಕೊಡುವಂಥದ್ದಲ್ಲ, ನೀನೇ ಬಂದು ಹೇಳು.