ಎಂಟನೆಯ ಹೆಸರು

ಚಾಮರಾಜಪೇಟೆ
೨೭ ಜುಲೈ ೨೦೨೫

ಪ್ರಿಯ ಚಿದಂಬರ,

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಮೈಸೂರಿಗೆ ಹೋದಮೇಲೂ ಕೈಯಲ್ಲಿ ಬರೆಯುವ ಅಭ್ಯಾಸ ಬಿಡದವನು ನೀನೊಬ್ಬನೇ. ಅಂಥವನಿಗೆ ಉತ್ತರ ತಡಮಾಡಿದ್ದಕ್ಕೆ ನಾಚಿಕೆಯಾಗುತ್ತಿದೆ, ಬೈದುಬಿಡು, ಕೇಳಿಸಿಕೊಳ್ಳುತ್ತೇನೆ. ನಮ್ಮ ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬಿನ ಪಟ್ಟಿ ಈ ಸಲ ನನ್ನನ್ನು ಹಿಂಡಿಹಾಕಿತು. ಸರ್ವಮಂಗಳಾಗೆ ಮಂಡಿನೋವು ಕಡಿಮೆ. ನಿಮ್ಮ ಮನೆಯಿಂದ ಬಂದ ಉಪ್ಪಿನಕಾಯಿ ಖಾಲಿಯಾಯಿತೆಂದು ಬರೆಯಲು ಹೇಳಿದ್ದಾಳೆ, ಅರ್ಥಮಾಡಿಕೋ.

ಮಳೆಗಾಲದಲ್ಲಿ ನಮ್ಮ ಮಣ್ಣಿನ ಅಂಕಣ ಕೆಸರಾಗುತ್ತದೆ, ಉಣ್ಣೆಯ ಚೆಂಡು ನೀರು ಕುಡಿದು ಮೇಲೇಳುವುದೇ ಇಲ್ಲ. ಆಟವಿಲ್ಲದ ಈ ತಿಂಗಳುಗಳಲ್ಲೇ ತಂಡದಲ್ಲಿ ಯಾರು ಉಳಿಯಬೇಕು, ಯಾರಿಗೆ ಎಷ್ಟು ಭತ್ಯೆ ಎಂದು ತೀರ್ಮಾನವಾಗುವುದು ನಿನಗೆ ಗೊತ್ತೇ ಇದೆ. ನಾನು ಕಾರ್ಯದರ್ಶಿಯಾಗಿದ್ದಾಗ ಒಂದೇ ಸಂಜೆಯಲ್ಲಿ ಮುಗಿಸುತ್ತಿದ್ದೆ. ಜೋರಾಗಿ ನಮಸ್ಕಾರ ಹೊಡೆದವರೆಲ್ಲ ಉಳಿದರು ಎಂದು ನೀನು ಕಿಚಾಯಿಸುತ್ತಿದ್ದೆ. ಅಷ್ಟೇನೂ ಸುಳ್ಳಲ್ಲ ಬಿಡು.

ಈಗ ಆ ಕುರ್ಚಿಯಲ್ಲಿ ನಿನ್ನ ಮಗಳು ಮಾನಸ ಕೂತಿದ್ದಾಳೆ. ಅವಳ ಕೆಲಸ ನೋಡಿದರೆ ಇಷ್ಟು ವರ್ಷ ನಾನು ಏನು ಮಾಡುತ್ತಿದ್ದೆ ಅನ್ನಿಸುತ್ತದೆ. ಕಳೆದ ವರ್ಷದ ಒಂದು ಪಂದ್ಯವನ್ನೂ ಬಿಡದೆ ಯಾರು ಯಾವ ಚೆಂಡು ಕೈಬಿಟ್ಟರು, ಸೋಲುವಾಗ ಯಾರು ತಲೆ ತಣ್ಣಗಿಟ್ಟುಕೊಂಡರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಜೂನ್ ತಿಂಗಳಲ್ಲಿ, ಭತ್ಯೆಯ ಹಣ ಕೊಡುವ ಕಲಾಸಿಪಾಳ್ಯದ ತರಕಾರಿ ಮಂಡಿಯ ಮುರುಗೇಶ, ಈ ವರ್ಷ ವ್ಯಾಪಾರ ಡಲ್ಲು, ಹತ್ತು ಜನಕ್ಕಾಗುವುದಿಲ್ಲ, ಎಂಟೇ ಎಂದುಬಿಟ್ಟ. ಅವಳು ಬೆಳಗ್ಗೆ ಐದಕ್ಕೆ ಮಂಡಿಗೆ ಹೋಗಿ ಈರುಳ್ಳಿ ಮೂಟೆಯ ಮೇಲೆ ಕೂತು, ಎಂಟಕ್ಕೆ ಒಪ್ಪಿದಳು. ಆದರೆ ಹೊರಊರಿನ ಪಂದ್ಯಗಳ ಬಸ್ ಖರ್ಚನ್ನು ಅವನ ತಲೆಗೆ ಕಟ್ಟಿಯೇ ಎದ್ದಳು. ಮುರುಗೇಶ ನನ್ನ ಹತ್ತಿರ ಬಂದು, ಇಂಥ ಹುಡುಗಿ ನನ್ನ ಮಂಡಿಯಲ್ಲಿದ್ದರೆ ನಾನು ಯಾವಾಗಲೋ ಉದ್ಧಾರವಾಗುತ್ತಿದ್ದೆ ಎಂದ.

ಹತ್ತರಲ್ಲಿ ಪ್ರಸನ್ನ ಹೊಸೂರಿನಲ್ಲಿ ಕೆಲಸ ಸಿಕ್ಕಿ ತಾನೇ ಬಿಟ್ಟ. ಏಳು ಹೆಸರಿಗೆ ತಕರಾರಿರಲಿಲ್ಲ. ಉಳಿದದ್ದು ಎಂಟನೆಯ ಜಾಗ. ಅದಕ್ಕೆ ಇಬ್ಬರು: ಓಕಳಿಪುರಂನ ಅನಿಲ್ ಕುಮಾರ್, ಮತ್ತು ನನ್ನ ಮಗ ಲೋಹಿತ್.

ಅನಿಲ್‌ಗೆ ಇಪ್ಪತ್ತೊಂದು, ಚಿಗರೆಯ ಹಾಗೆ ನೆಗೆಯುತ್ತಾನೆ. ಲೋಹಿತ್‌ಗೆ ಮೂವತ್ತೇಳು. ಇಪ್ಪತ್ತು ವರ್ಷ ನಮ್ಮ ಹಿಂದಿನ ಸಾಲು ಕಾಯ್ದವನು, ನಾಲ್ಕು ಸಲ ರಾಜ್ಯ ಫೈನಲ್ ಆಡಿ ನಾಲ್ಕೂ ಸಲ ಸೋತವನು. ಡಿಸೆಂಬರಿನ ರಾಜ್ಯ ಪಂದ್ಯಾವಳಿ ನಮ್ಮೂರಲ್ಲೇ ಇದೆ, ಇನ್ನೊಂದೇ ಒಂದು ವರ್ಷ ಸಾಕು ಎಂದು ಅವನು ಅಮ್ಮನ ಹತ್ತಿರ ಹೇಳಿಕೊಂಡಿದ್ದ. ಭತ್ಯೆ ಬೇಡ, ಸುಮ್ಮನೆ ಆಡುತ್ತೇನೆ ಎನ್ನುವ ಹಾಗಿಲ್ಲವಲ್ಲ. ಬಿಟ್ಟಿ ಆಡುವ ಅನುಕೂಲಸ್ಥರು ಬಂದರೆ ಬಡ ಹುಡುಗರು ಹೊರಬೀಳುತ್ತಾರೆಂದು ನೀನೂ ನಾನೂ ಸೇರಿಯೇ ಅದನ್ನು ನಿಲ್ಲಿಸಿದ್ದು. ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಅವನ ಆಟ ಅಲ್ಲಿಗೆ ಮುಗಿಯಿತು.

ಕಮಿಟಿಯಲ್ಲಿ ನಾವು ಐವರು: ಮಾನಸ, ಮುರುಗೇಶ, ಮಂಜುನಾಥ್, ಶೀನಣ್ಣ, ನಾನು. ತನ್ನವರ ಮಾತು ಬಂದಾಗ ಎದ್ದು ಹೊರಗೆ ಹೋಗಬೇಕೆಂಬ ನಿಯಮ ಮಾಡಿದವನು ನಾನೇ. ಹಾಗಾಗಿ ಹೊರಗೆ ಹೋಗಿ ಹೊಂಗೆ ಮರದ ಕೆಳಗಿನ ಒದ್ದೆ ಕಲ್ಲುಬೆಂಚಿನ ಮೇಲೆ ಕೂತೆ. ಅರ್ಧ ಗಂಟೆಯಾದಮೇಲೆ ಒಳಗೆ ಕರೆದರು. ಅನಿಲ್ ಹೆಸರು ಬರೆದಾಗಿತ್ತು.

ಕೈಬಿಟ್ಟವರ ಹೆಸರನ್ನು ನಾನಾಗಿದ್ದರೆ ಬೋರ್ಡಿಗೆ ಅಂಟಿಸಿ ಮನೆಗೆ ಓಡಿಬಿಡುತ್ತಿದ್ದೆ. ಮಾನಸ ಹೊಸ ಪದ್ಧತಿ ತಂದಿದ್ದಾಳೆ. ಕೈಬಿಟ್ಟವನ ಮನೆಗೆ ಹೋಗಿ, ಅವರ ಮನೆಯಲ್ಲಿ ಏನಾದರೂ ತಿಂದು, ಎದುರು ಕೂತು ಹೇಳಬೇಕು. ಮರುದಿನವೇ ನಮ್ಮ ಮನೆಗೆ ಬಂದಳು. ಸರ್ವಮಂಗಳಾ ಕೊಟ್ಟ ಉಪ್ಪಿಟ್ಟನ್ನು ಪೂರ್ತಿ ತಿಂದಳು. ಆಮೇಲೆ, "ಲೋಹಿತಣ್ಣ, ಈ ಸಲ ನಿನ್ ಹೆಸ್ರಿಲ್ಲ. ಸೆಕ್ರೆಟ್ರಿ ನಾನು, ಸೈನ್ ನಂದು. ಬೈಯೋದಿದ್ರೆ ನನ್ನೇ ಬೈದ್ಬಿಡು" ಎಂದಳು. ಬೇರೆ ಯಾರ ಹೆಸರನ್ನೂ ಎತ್ತಲಿಲ್ಲ.

ಲೋಹಿತ್ ಅವಳ ಖಾಲಿ ತಟ್ಟೆ ಎತ್ತಿ ಒಳಗಿಟ್ಟು ಬಂದ. ಬಂದವನೇ, "ಅನಿಲ್ ನೆಗೆಯೋದ್ರಲ್ಲಿ ಚೆನ್ನಾಗಿದಾನೆ, ಹಿಂದೆ ನಿಂತ್ಕೊಳೋದು ಗೊತ್ತಿಲ್ಲ. ನಾನ್ ಹೇಳ್ಕೊಡ್ಲಾ?" ಎಂದು ಕೇಳಿದ. ಅಂದಿನಿಂದ ದಿನಾ ಸಂಜೆ ಓಕಳಿಪುರಂಗೆ ಹೋಗಿ, ಅಲ್ಲಿನ ಶಾಲೆಯ ಶೆಡ್ಡಿನಲ್ಲಿ ಆ ಹುಡುಗನಿಗೆ ಹೆಜ್ಜೆ ತಿದ್ದಿ ಬರುತ್ತಿದ್ದಾನೆ. ತನ್ನ ಜಾಗಕ್ಕೆ ಬಂದವನಿಗೆ ತನ್ನ ವಿದ್ಯೆಯನ್ನೇ ಕೊಡುವುದು ನನ್ನ ಕೈಲಿ ಆಗುತ್ತಿರಲಿಲ್ಲ ಚಿದಂಬರ, ನಿನ್ನ ಕೈಲೂ ಆಗುತ್ತಿರಲಿಲ್ಲ. ನಮ್ಮಿಬ್ಬರ ಮಕ್ಕಳೂ ನಮಗಿಂತ ದೊಡ್ಡವರಾದರು.

ಮಾನಸಳಿಗೆ ಫೋನ್ ಮಾಡಿದಾಗ ಒಂದು ಒಳ್ಳೆಯ ಮಾತು ಹೇಳು. ಶಿವ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ, ನಿನ್ನ ಬಿ.ಪಿ. ಹತೋಟಿಯಲ್ಲಿರಲಿ, ನಿನ್ನ ನಾಲಿಗೆಯೂ.

ನಿನ್ನ
ನಾಗಭೂಷಣ್

ವಿ. ಸೂ.: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆಗೆದೆ. ಮೇಲೆ ಬರೆದದ್ದರಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಒಳಗೆ ಮುರುಗೇಶನೂ ಮಂಜುನಾಥನೂ ಅನಿಲ್ ಎಂದರು, ಮಾನಸ ಮತ್ತು ಶೀನಣ್ಣ ಲೋಹಿತ್ ಎಂದರು. ಎರಡಕ್ಕೆರಡು. ಆಗ ಮಾನಸ ನಾನು ಕೂತಿದ್ದಲ್ಲಿಗೆ ಬಂದು, "ಅಂಕಲ್, ಫೈನಲ್‌ನಲ್ಲಿ ಹಿಂದೆ ಲೋಹಿತಣ್ಣ ಬೇಕೇ ಬೇಕು. ಒಳಗಿರೋರೆಲ್ಲ ನಿಮ್ಮ ಮಾತಿಗೇ ಬಿಟ್ಟಿದಾರೆ. ಮಗ ಅನ್ನೋದು ಮರೆತು ಹೇಳಿ" ಎಂದು ನೋಟ್‌ಬುಕ್ ಮುಂದಿಟ್ಟಳು. ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು. ಆದರೆ ನಾಗಭೂಷಣ್ ಮಗನಿಗಾಗಿ ಬಡ ಹುಡುಗನನ್ನು ತಳ್ಳಿದ ಎಂದು ನಾಳೆ ಪೇಟೆಯಲ್ಲಿ ಜನ ಆಡಿಕೊಂಡರೆ ಎಂಬ ಭಯ ಬಂತು. ಅನಿಲ್ ಹೆಸರೇ ಬರೆದುಕೋ ಎಂದೆ. ಆ ಹುಡುಗಿ ಅದನ್ನು ಕಮಿಟಿಯ ಹೊರಗೆ ಯಾರಿಗೂ ಹೇಳಿಲ್ಲ, ನಿನಗೂ ಹೇಳಿರಲಾರಳು.

ನಿನ್ನೆ ಸಂಜೆ ಲೋಹಿತ್ ಓಕಳಿಪುರಂನಿಂದ ಬಂದು ಕಾಲು ತೊಳೆದು ನನ್ನ ಪಕ್ಕ ಕೂತ. ನನ್ನ ಮುಖ ನೋಡಿ ಅವನೇ ನನಗೆ ಸಮಾಧಾನ ಹೇಳಿದ. "ಬೇಜಾರ್ ಮಾಡ್ಕೋಬೇಡಿ ಅಪ್ಪ. ನಿಮ್ಮನ್ನ ಒಂದ್ ಮಾತು ಕೇಳಿದ್ದಿದ್ರೆ ನೀವು ನನ್ನ ಬಿಟ್ಕೊಡ್ತಿರ್ಲಿಲ್ಲ, ನಂಗೊತ್ತು."

ನಾನು ಹೂಂ ಅಂದೆ.